ಆಲಿವ್ ಕುಟುಂಬದ ಎಲೆ ಪಳೆಯುಳಿಕೆ: ತಪ್ಪಿದ ಗುರುತು ಸರಿಯಾದದ್ದು ಹೀಗೆ

ಉದ್ದನೆಯ, ಅಂಚು ನಯವಾದ ಎಲೆಯಚ್ಚು ಕಂಡ ಕೂಡಲೇ ‘ಆಲಿವ್’ ಎಂದು ಚೀಟಿ ಅಂಟಿಸಿದ್ದೇ ತಪ್ಪು. ದಾಲ್ಚಿನ್ನಿ ಕುಟುಂಬದಲ್ಲೂ ಕಣಗಿಲೆ ಕುಟುಂಬದಲ್ಲೂ ಅಂಥ ಎಲೆಗಳಿವೆ.

ಮೊದಲು ಬೆಳಕು ಬದಲಿಸಿದೆ. ಮೇಲಿನ ಟ್ಯೂಬ್‌ಲೈಟ್ ಆರಿಸಿ, ಎಲ್‌ಇಡಿ ದೀಪವನ್ನು ಕಲ್ಲಿನ ಪಕ್ಕದಲ್ಲಿ ಬಹುತೇಕ ಮಲಗಿಸಿ ಹಿಡಿದು, ಕಲ್ಲನ್ನು ನಿಧಾನವಾಗಿ ತಿರುಗಿಸಿದಾಗ ಪಕ್ಕನರಗಳು ಅಂಚು ಮುಟ್ಟದೆ ಬಾಗಿ, ಮೇಲಿನ ನರಕ್ಕೆ ಸೇರಿ ಕುಣಿಕೆಯಾಗಿದ್ದು ಕಂಡಿತು. ಆಲಿವ್ ಕುಟುಂಬದಲ್ಲಿ ಇದು ಸಾಮಾನ್ಯ, ಇದೊಂದೇ ಸಾಲದು.

ಹೋಲಿಸಿ ನೋಡಲು ಇಂದಿನ ಎಲೆಗಳಿಗೆ ಬೆಂಗಳೂರಿನಲ್ಲಿ ಬರವಿಲ್ಲ. ಮಲ್ಲಿಗೆ, ಜಾಜಿ, ಪಾರಿಜಾತ ಮೂರೂ ಇದೇ ಕುಟುಂಬ. ಎಲೆಗಳನ್ನು ಶೇ. 5ರ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕೆಲವು ದಿನ ನೆನೆಸಿ, ಕಂದಾದಂತೆಲ್ಲ ದ್ರಾವಣ ಬದಲಿಸಿ. ಕೈಗವಸು ಬೇಕೇ ಬೇಕು. ತೊಳೆದು, ಬ್ಲೀಚ್‌ನಲ್ಲಿ ಬಿಳುಪಾಗಿಸಿ, ಸಫ್ರಾನಿನ್ ಎಂಬ ಬಣ್ಣ ಹಾಕಿದರೆ ನರಜಾಲ ಕೆಂಪಗೆ ಎದ್ದು ಕಾಣುತ್ತದೆ. ಬ್ಲೀಚ್ ಹೆಚ್ಚಾದರೆ ಎಲೆ ಹರಿಯುತ್ತದೆ. ಜಾಜಿಯ ಒಂದು ಎಲೆ ಹಲವು ಕಿರುಎಲೆಗಳಾಗಿ ಬಿಡಿಬಿಡಿಯಾಗಿರುತ್ತದೆ; ಅಂಥ ಕಿರುಎಲೆ ಒಂಟಿಯಾಗಿ ಉದುರಿ ಕಲ್ಲಾದರೆ ಪೂರ್ತಿ ಎಲೆಯೆಂದೇ ತೋರುತ್ತದೆ. ಬುಡ ಎರಡೂ ಕಡೆ ಸಮವಿಲ್ಲದಿದ್ದರೆ ಅನುಮಾನಿಸಿ.

ತೀರ್ಮಾನ ಕೊಟ್ಟಿದ್ದು ಪಳೆಯುಳಿಕೆಯ ಹೊರಪೊರೆ, ಅಂದರೆ ಎಲೆಯ ಮೈಮೇಲಿನ ಮೇಣದಂಥ ತೆಳು ಪದರ. ಕಪ್ಪು ಪದರ ಉಳಿದಿದ್ದ ಕಡೆ 2 ಮಿ.ಮೀ. ಚೂರು ಬಿಡಿಸಿ, ಪ್ರಯೋಗಾಲಯದ ಫ್ಯೂಮ್ ಹುಡ್‌ನೊಳಗೆ (ವಿಷದ ಹೊಗೆ ಹೊರಗೆಳೆಯುವ ಗೂಡು) ನೈಟ್ರಿಕ್ ಆಮ್ಲ ಮತ್ತು ಪೊಟ್ಯಾಸಿಯಂ ಕ್ಲೋರೇಟ್‌ನಲ್ಲಿ ಇಟ್ಟು, ತೊಳೆದು, ಬಳಿಕ ತೆಳು ಅಮೋನಿಯಾದಲ್ಲಿ ಅದ್ದಿದೆ. ಮನೆಯಲ್ಲಿ ಇದನ್ನು ಮಾಡಲೇಬಾರದು. 400 ಪಟ್ಟು ಹಿಗ್ಗಿಸಿದಾಗ ಆಲಿವ್ ಕುಟುಂಬದಲ್ಲಿ ಕಾಣುವ, ಕೊಡೆಯಂಥ ದುಂಡು ಹುರುಪೆಗಳು ಕಂಡವು. ಪತ್ರರಂಧ್ರದ (ಎಲೆಯ ಉಸಿರಾಟದ ಸಣ್ಣ ತೂತಿನ) ಸುತ್ತ ಬೇರೆ ರೂಪದ ಕೋಶಗಳಿರಲಿಲ್ಲ. ದಾಲ್ಚಿನ್ನಿ ಕುಟುಂಬವಾಗಿದ್ದರೆ ರಂಧ್ರದ ಎರಡೂ ಮಗ್ಗುಲಿಗೆ ಸಮಾನಾಂತರ ಕೋಶ ಇರಬೇಕಿತ್ತು.

ಹೊಸ ಚೀಟಿಯಲ್ಲಿ ‘ಓಲಿಯೇಸೀ (ಆಲಿವ್ ಕುಟುಂಬ), ಕುಲ ಅನಿಶ್ಚಿತ’ ಎಂದಷ್ಟೇ ಬರೆದೆ. ಪೊರೆ ಉಳಿಯದ ಅಚ್ಚಿಗೆ ಅಷ್ಟೂ ಬರೆಯಬೇಡಿ.