ಖಾಲಿ ಗೋಡೆಯೋ, ತುಂಬಿದ ಗೋಡೆಯೋ?

ಹೊಸ ಫ್ಲ್ಯಾಟ್‌ಗೆ ಬಂದವರು ಮೊದಲ ತಿಂಗಳು ‘ನಮ್ಮದು ಮಿನಿಮಲಿಸ್ಟ್ ಶೈಲಿ’ ಎನ್ನುತ್ತಾರೆ. ಬಿಳಿ ಗೋಡೆ, ಬೂದು ಸೋಫಾ, ಅಷ್ಟೇ. ದೀಪಾವಳಿಯ ಹೊತ್ತಿಗೆ ಟಿ.ವಿ. ಕೆಳಗೆ ರೂಟರ್, ಸನ್ಮಾನದ ಫಲಕ, ಮಾತ್ರೆಗಳ ಡಬ್ಬಿ, ಯಾರೋ ಕೊಟ್ಟ ಪ್ಲಾಸ್ಟಿಕ್ ಹೂದಾನಿ ಬಂದು ಕೂತಿರುತ್ತವೆ. ಆಗ ಕೆಲವರು ಮ್ಯಾಕ್ಸಿಮಲಿಸ್ಟ್, ಅಂದರೆ ಮನೆ ತುಂಬಿಸಿ ಅಲಂಕರಿಸುವ ಶೈಲಿ, ಎಂದು ಹೆಸರು ಬದಲಿಸಿಕೊಳ್ಳುತ್ತಾರೆ. ಆ ಶೈಲಿಯಲ್ಲಿ ಒಂದೊಂದು ವಸ್ತುವನ್ನೂ ಆರಿಸಿ ಇಟ್ಟಿರಬೇಕು, ತಾನಾಗಿ ಬಂದು ಕೂತದ್ದಕ್ಕೆ ಜಾಗವಿಲ್ಲ.

1. ಹಾಲ್‌ನ ಸಣ್ಣಪುಟ್ಟ ಸಾಮಾನುಗಳನ್ನೆಲ್ಲ ನೆಲಕ್ಕಿಳಿಸಿ, ನೋಡಲು ಬೇಕಾದವು, ಬಳಸಲು ಬೇಕಾದವು ಎಂದು ವಿಂಗಡಿಸಿ. ಎರಡಕ್ಕೂ ಸೇರದವನ್ನು ಯಾರಿಗಾದರೂ ಕೊಟ್ಟುಬಿಡಿ.

2. ಬಳಸುವ ಸಾಮಾನಿನ ರಾಶಿಯೇ ದೊಡ್ಡದಾಗಿದ್ದರೆ ಮಿನಿಮಲಿಸಂ ಆರಿಸಿ. ಆದರೆ ಅದಕ್ಕೆ ಬಾಗಿಲಿರುವ ಕಪಾಟುಗಳು ಹೆಚ್ಚು ಬೇಕು. ಅದು ಅಗ್ಗವೂ ಅಲ್ಲ. ಜರ್ಮನ್ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹ 1929ರಲ್ಲಿ ಬಾರ್ಸಿಲೋನಾದಲ್ಲಿ ಕಟ್ಟಿದ ಪ್ರದರ್ಶನ ಪೆವಿಲಿಯನ್‌ನಲ್ಲಿ ಪೀಠೋಪಕರಣಗಳು ಬೆರಳೆಣಿಕೆಯಷ್ಟು, ಆದರೆ ಗೋಡೆಗಳು ಹಸಿರು ಅಮೃತಶಿಲೆ ಮತ್ತು ಓನಿಕ್ಸ್ ಎಂಬ ದುಬಾರಿ ಕಲ್ಲಿನವು. ಖಾಲಿ ಕೋಣೆಯಲ್ಲಿ ಕಣ್ಣು ನೇರ ಗೋಡೆಗೇ ಹೋಗುತ್ತದೆ. ಏರುಪೇರಾದ ಗಾರೆ, ಅಂಚು ಕಿತ್ತ ಲ್ಯಾಮಿನೇಟ್ ಯಾವುದೂ ಮರೆಯಾಗದು. ಹಣವನ್ನು ಅಲ್ಲಿಗೇ ಹಾಕಿ.

3. ತುಂಬಿಸುವುದಾದರೆ ಮೂರೇ ಬಣ್ಣ ಹಿಡಿಯಿರಿ. ಹಳೆಯ ಇಳಕಲ್ ಸೀರೆಯ ಸೆರಗೊಂದನ್ನು ನೋಡಿ ಆರಿಸಿದರೆ ಸಾಕು.

4. ಗೋಡೆಗೆ ಚಿತ್ರಗಳನ್ನು ತೂಗುಹಾಕುವುದು. ಕೆಡುವುದೆಲ್ಲ ಇಲ್ಲೇ. ನೇರವಾಗಿ ಮೊಳೆ ಹೊಡೆಯಲು ಹೋಗಬೇಡಿ. ಪ್ರತಿ ಫ್ರೇಮಿನ ಅಳತೆಗೆ ಹಳೆಯ ಪತ್ರಿಕೆ ಕತ್ತರಿಸಿಕೊಳ್ಳಿ. ಫ್ರೇಮಿನ ಹಿಂದಿನ ದಾರವನ್ನು ಬೆರಳಿನಿಂದ ಮೇಲಕ್ಕೆ ಬಿಗಿಯಾಗಿ ಎಳೆದು ಹಿಡಿಯಿರಿ. ಮೇಲಂಚಿನಿಂದ ಅಲ್ಲಿಗೆ ಎಷ್ಟು ಇಂಚೋ ಅಷ್ಟು ಕೆಳಗೆ ಕಾಗದದ ಮೇಲೆ ಗುರುತು ಹಾಕಿ. ಮೊಳೆಯ ಜಾಗ ಅದೇ. ಸಡಿಲ ದಾರವನ್ನು ಅಳೆದರೆ ಚಿತ್ರಗಳ ಸಾಲು ಏರುಪೇರಾಗುತ್ತದೆ. ಕಾಗದಗಳನ್ನು ಮಾಸ್ಕಿಂಗ್ ಟೇಪಿನಿಂದ ಅಂಟಿಸಿ. ಎಲ್ಲಕ್ಕಿಂತ ದೊಡ್ಡದನ್ನು ಮೊದಲು, ಅದರ ನಡುಭಾಗ ನೆಲದಿಂದ ಸುಮಾರು 57 ಇಂಚು ಎತ್ತರಕ್ಕೆ ಬರುವಂತೆ. ಉಳಿದವು ಅದರ ಸುತ್ತ, ನಡುವೆ ಎರಡು ಇಂಚು ಬಿಟ್ಟು. ನಮ್ಮಲ್ಲಿ ಬಹಳ ಮಂದಿ ಚಿತ್ರವನ್ನು ಬಾಗಿಲಿನ ಮೇಲ್ಪಟ್ಟಿಗಿಂತ ಎತ್ತರಕ್ಕೆ ಏರಿಸುತ್ತಾರೆ. ಕತ್ತು ನೋಯುತ್ತದೆಯೇ ಹೊರತು ಚಿತ್ರ ಕಾಣುವುದಿಲ್ಲ. ಕಾಗದವನ್ನು ಒಂದು ರಾತ್ರಿ ಹಾಗೆಯೇ ಬಿಟ್ಟು, ಬೆಳಿಗ್ಗೆ ಸೋಫಾದಲ್ಲಿ ಕೂತು ನೋಡಿ, ಆಮೇಲೆ ಕಾಗದದ ಮೇಲೆಯೇ ಡ್ರಿಲ್ ಮಾಡಿ. ಸ್ವಿಚ್‌ಬೋರ್ಡಿನ ನೇರಕ್ಕೆ ಮೇಲಾಗಲಿ ಕೆಳಗಾಗಲಿ ಕೊರೆಯಲೇಬೇಡಿ, ಒಳಗೆ ವೈರ್ ಇರುತ್ತದೆ. ಎರಡೂ ಕಡೆ ಅಂಟುವ ಟೇಪ್ ಸುಲಭವೆಂದು ಕೊಳ್ಳುವವರಿದ್ದಾರೆ. ಮಳೆಗಾಲದ ತೇವಕ್ಕೆ ಅದು ಬಿಡುತ್ತದೆ, ಬಿಡುವಾಗ ಬಣ್ಣದ ಪದರವನ್ನೂ ಕಿತ್ತುಕೊಂಡು ಬರುತ್ತದೆ. ಬಾಡಿಗೆ ಮನೆಯಾದರೆ ಉದ್ದನೆಯ ಮರದ ಪಟ್ಟಿಯೊಂದನ್ನು ಗೋಡೆಗೆ ಕೂರಿಸಿ, ಫ್ರೇಮುಗಳನ್ನು ಅದರ ಮೇಲೆ ಒರಗಿಸಿಡಿ.

5. ದೀಪ: 2700ರಿಂದ 3000 ಕೆಲ್ವಿನ್, ಅಂದರೆ ಹಳದಿ ಛಾಯೆಯ ಬೆಳಕು. ಎರಡೂ ಶೈಲಿಗೆ ಅದೇ ಸರಿ.

6. ತೆರೆದ ಕಪಾಟಿಗೆ ವಾರಕ್ಕೊಮ್ಮೆ ಧೂಳು ಒರೆಸುವ ಕೆಲಸವಿದೆ. ಮಾಡುವವರು ಯಾರೆಂದು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಬಿದರಿ ಹೂಜಿಗೆ ಹಿತ್ತಾಳೆ ತೊಳೆಯುವ ಪುಡಿ ಹಾಕಿ ಉಜ್ಜಿದರೆ ಕಪ್ಪು ಹೋಗಿ ಬೆಳ್ಳಿಯ ಗೆರೆ ಮಂಕಾಗಿ ಕಾಣುತ್ತದೆ. ಮೆತ್ತನೆಯ ಬಟ್ಟೆ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸಾಕು. ಚನ್ನಪಟ್ಟಣದ ಗೊಂಬೆಗಳನ್ನು ಬಿಸಿಲು ಬೀಳುವ ಕಿಟಕಿಯ ಮೇಲೆ ಇಡಬೇಡಿ.