ಬೆಲ್ಟ್ ಹಾಕಿದರೂ ಆರದ ಕೆಂಪು ದೀಪ: ಗ್ಯಾರೇಜಿಗೆ ಹೋಗುವ ಮೊದಲು ಇಷ್ಟು ನೋಡಿ

ಬೆಲ್ಟ್ ಹಾಕಿಕೊಂಡೇ ಕೂತಿದ್ದೀರಿ. ಆದರೂ ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರುವುದಿಲ್ಲ, ಬೀಪ್ ಸದ್ದೂ ನಿಲ್ಲುವುದಿಲ್ಲ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ಈ ಕಿರಿಕಿರಿ ರಸ್ತೆಯ ಮೇಲಿನ ಗಮನವನ್ನೇ ಕೆಡಿಸುತ್ತದೆ. ಎಷ್ಟೋ ಸಲ ಕಾರಣ ದೊಡ್ಡದೇನೂ ಇರುವುದಿಲ್ಲ. ಬಕಲ್ ಒಳಗೆ ಕಸ ಸೇರಿರುತ್ತದೆ, ಇಲ್ಲವೇ ಸೀಟಿನ ಕೆಳಗಿನ ವೈರು ಸಡಿಲವಾಗಿರುತ್ತದೆ.

ಬೆಲ್ಟಿನ ಲೋಹದ ತುದಿ ಬಕಲ್‌ನಲ್ಲಿ ಪೂರ್ತಿ ಕೂತಾಗ ಒಳಗಿನ ಪುಟ್ಟ ಸ್ವಿಚ್ಚು ಆ ಸುದ್ದಿ ಮುಟ್ಟಿಸುತ್ತದೆ, ದೀಪ ಆರುತ್ತದೆ. ಅನೇಕ ಕಾರುಗಳಲ್ಲಿ ಎಡಗಡೆಯ ಮುಂದಿನ ಸೀಟಿನೊಳಗೆ ಭಾರ ಗುರುತಿಸುವ ಸೆನ್ಸರ್ ಕೂಡ ಇರುತ್ತದೆ. 2019ರ ಜುಲೈ 1ರಿಂದ ತಯಾರಾದ ಕಾರುಗಳಲ್ಲಿ ಮುಂದಿನ ಎರಡೂ ಸೀಟಿಗೆ ಈ ಎಚ್ಚರಿಕೆ ಕಡ್ಡಾಯ.

ಮೊದಲು ಉರಿಯುತ್ತಿರುವುದು ಯಾವ ದೀಪ ಎಂದು ಖಚಿತ ಮಾಡಿಕೊಳ್ಳಿ. ಕೂತ ಮನುಷ್ಯನ ಎದೆಗೆ ಅಡ್ಡವಾಗಿ ಪಟ್ಟಿ ಇದ್ದರೆ ಅದು ಬೆಲ್ಟ್ ದೀಪ. ಮನುಷ್ಯನ ಮುಂದೆ ದೊಡ್ಡ ಗುಂಡು ಇದ್ದರೆ ಅದು ಏರ್‌ಬ್ಯಾಗಿನದು. ಏರ್‌ಬ್ಯಾಗ್ ದೀಪ ಆರದಿದ್ದರೆ ಮನೆಯಲ್ಲಿ ಏನನ್ನೂ ಮುಟ್ಟಬೇಡಿ, ನೇರ ಸರ್ವಿಸ್ ಸೆಂಟರಿಗೆ ಹೋಗಿ.

ಬೆಲ್ಟ್ ದೀಪವೇ ಆದರೆ ಎಡಗಡೆಯ ಸೀಟು ಖಾಲಿ ಮಾಡಿ. ಗೋಣಿಕೊಪ್ಪದ ಸಂತೆಯಿಂದ ತಂದ ಚೀಲವೋ, ಕರಿಮೆಣಸಿನ ಮೂಟೆಯೋ ಅಲ್ಲಿದ್ದರೆ ಯಾರೋ ಕೂತಿದ್ದಾರೆ ಎಂದೇ ಸೆನ್ಸರ್ ತಿಳಿಯುತ್ತದೆ. ಅದನ್ನು ಡಿಕ್ಕಿಗೆ ಹಾಕಿ. ದೀಪ ಆರಿತೇ? ಹಾಗಾದರೆ ರಿಪೇರಿಯೇ ಬೇಡ.

ಇಲ್ಲವೆಂದರೆ ಬಕಲ್ ನೋಡಬೇಕು. ನಮ್ಮ ಕಡೆ ತೊಂದರೆ ಜಾಸ್ತಿ ಇಲ್ಲೇ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದ ಕೆಂಪು ಧೂಳು, ಮಳೆಗಾಲದಲ್ಲಿ ಒದ್ದೆ ರೇನ್‌ಕೋಟಿನಿಂದ ಸೋರಿದ ಕೆಸರು ನೀರು, ಜೊತೆಗೆ ಮಕ್ಕಳ ಬಿಸ್ಕತ್ತಿನ ಚೂರು, ಚಿಲ್ಲರೆ ಕಾಸು, ಎಲ್ಲವೂ ಆ ಸಣ್ಣ ಸಂದಿಗೇ ಇಳಿಯುತ್ತವೆ. ಕಾರು ಆಫ್ ಮಾಡಿ, ಟಾರ್ಚ್ ಬೆಳಕು ಬಿಟ್ಟು ಒಳಗೆ ನೋಡಿ. ಕೆಂಪು ಗುಂಡಿಯನ್ನು ಒತ್ತಿ ಹಿಡಿದು ವ್ಯಾಕ್ಯೂಮ್ ಕ್ಲೀನರಿನಿಂದ ಕಸ ಎಳೆಯಿರಿ. ಆಮೇಲೆ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯನ್ನು ಸ್ವಲ್ಪವೇ ಹೊಡೆದು, ಬೆಲ್ಟಿನ ತುದಿಯನ್ನು ಹತ್ತಾರು ಸಲ ಹಾಕಿ ತೆಗೆಯಿರಿ. ಪೂರ್ತಿ ಒಣಗಲು ಬಿಡಿ. ತುಕ್ಕು ಬಿಡಿಸುವ ಎಣ್ಣೆಯನ್ನಾಗಲಿ, ಕೊಬ್ಬರಿ ಎಣ್ಣೆಯನ್ನಾಗಲಿ ಬಿಡಲೇಬೇಡಿ. ಎಣ್ಣೆಯ ಪಸೆಗೆ ಧೂಳು ಇನ್ನಷ್ಟು ಅಂಟುತ್ತದೆ. ಬೆಲ್ಟಿನ ತುದಿಯಲ್ಲಿ ಅಂಟು ಕೊಳೆ ಇದ್ದರೆ ಒದ್ದೆ ಬಟ್ಟೆಯಿಂದ ಒರೆಸಿ. ಈಗ ಬೆಲ್ಟ್ ಹಾಕಿದರೆ 'ಟಕ್' ಎಂದು ಸ್ಪಷ್ಟವಾಗಿ ಕೇಳಬೇಕು. ಜೋರಾಗಿ ಎಳೆದರೂ ಬಿಡಬಾರದು. ಎಳೆದಾಗ ಬಿಟ್ಟುಕೊಂಡರೆ ದೀಪದ ವಿಷಯ ಹಾಗಿರಲಿ, ಆ ಸೀಟಿನಲ್ಲಿ ಯಾರನ್ನೂ ಕೂರಿಸಬೇಡಿ.

ಮುಂದಿನದು ಸೀಟಿನ ಅಡಿ. ಕಾರು ನಿಂತಲ್ಲೇ ಇಗ್ನಿಷನ್ ಆನ್ ಮಾಡಿ, ಬೆಲ್ಟ್ ಹಾಕಿ, ಸೀಟನ್ನು ಹಿಂದೆ ಮುಂದೆ ಸರಿಸುತ್ತಾ ದೀಪ ಗಮನಿಸಿ. ಅದು ಆರಿ ಆರಿ ಹೊತ್ತಿದರೆ ವೈರು ಒಳಗೆ ತುಂಡಾಗಿರಬೇಕು ಅಥವಾ ಕನೆಕ್ಟರ್ ಸಡಿಲವಾಗಿರಬೇಕು. ಇಗ್ನಿಷನ್ ಆಫ್ ಮಾಡಿ ಟಾರ್ಚಿನಲ್ಲಿ ನೋಡಿ. ತೋಟದ ಮನೆಗಳ ಶೆಡ್ಡಿನಲ್ಲಿ ನಿಲ್ಲುವ ಕಾರುಗಳ ವೈರನ್ನು ಇಲಿ ಕಡಿಯುವುದು ಹೊಸತೇನಲ್ಲ. ಕಾಲಡಿಯ ಮ್ಯಾಟನ್ನೂ ಎತ್ತಿ ನೋಡಿ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ವಾರಗಟ್ಟಲೆ ಅದರ ಅಡಿ ನೀರು ನಿಂತಿದ್ದರೆ ಕನೆಕ್ಟರ್ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಮ್ಯಾಟ್ ತೆಗೆದು ಒಣಗಿಸಿ. ಆದರೆ ಹಳದಿ ಬಣ್ಣದ ಕನೆಕ್ಟರನ್ನು ಮಾತ್ರ ಕೀಳಬೇಡಿ. ಸಾಮಾನ್ಯವಾಗಿ ಅದು ಏರ್‌ಬ್ಯಾಗಿಗೆ, ಅಪಘಾತದ ಹೊತ್ತಲ್ಲಿ ಬೆಲ್ಟ್ ಬಿಗಿಯುವ ಸಾಧನಕ್ಕೆ ಸೇರಿದ್ದು. ಆ ಸಾಧನದೊಳಗೆ ಸಿಡಿಯುವ ಮದ್ದು ಇರುತ್ತದೆ. ಕೆಲವು ಕಾರುಗಳಲ್ಲಿ ಅದು ಬಕಲ್‌ಗೇ ಜೋಡಿಸಿರುತ್ತದೆ. ಆದ್ದರಿಂದ ಬಕಲ್‌ನ ಬೋಲ್ಟ್ ಬಿಚ್ಚುವುದೂ ಮನೆಯ ಕೆಲಸವಲ್ಲ.

ಕೆಲವರು ಸುಮ್ನೆ ಒಂದು ಕ್ಲಿಪ್ ತಂದು ಬಕಲ್‌ಗೆ ಸಿಕ್ಕಿಸಿ ಸದ್ದು ನಿಲ್ಲಿಸುತ್ತಾರೆ. ಇನ್ನು ಕೆಲವರು ದೀಪ ಆರಲೆಂದು ಸ್ವಿಚ್ಚಿನ ವೈರುಗಳನ್ನು ನೇರ ಒಂದಕ್ಕೊಂದು ಜೋಡಿಸಿಬಿಡುತ್ತಾರೆ. ದಯವಿಟ್ಟು ಬೇಡ. ಏರ್‌ಬ್ಯಾಗ್ ಬೆಲ್ಟಿನ ಜೊತೆಗೆ ಕೆಲಸ ಮಾಡುವಂತೆ ರೂಪಿಸಿದ್ದು. ಬೆಲ್ಟ್ ಇಲ್ಲದೆ ಮುಂದಕ್ಕೆ ಎಸೆಯಲ್ಪಟ್ಟವರಿಗೆ ಅದೇ ಏಟು ಕೊಡಬಹುದು. ಇಂಥ ಕ್ಲಿಪ್ಪುಗಳನ್ನು ಮಾರಾಟದಿಂದ ತೆಗೆಯುವಂತೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಐದು ಆನ್‌ಲೈನ್ ಮಾರಾಟ ತಾಣಗಳಿಗೆ ಆದೇಶಿಸಿತ್ತು. ಬೆಲ್ಟ್ ಹಾಕದಿದ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಡಿ 1,000 ರೂಪಾಯಿ ದಂಡವೂ ಇದೆ.

ಇಷ್ಟಾದರೂ ದೀಪ ಆರದಿದ್ದರೆ ಸ್ವಿಚ್ಚೇ ಕೆಟ್ಟಿರಬಹುದು. ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಹಿಡಿದು ಅದನ್ನು ಬೇಗನೆ ಪತ್ತೆ ಮಾಡುತ್ತಾರೆ. ಸಾಮಾನ್ಯವಾಗಿ ಬಕಲ್ ಜೋಡಣೆಯನ್ನೇ ಬದಲಿಸಬೇಕಾಗುತ್ತದೆ. ಗುಜರಿಯಿಂದ ಹಳೆಯದನ್ನು ತರಬೇಡಿ, ಅದು ಅಪಘಾತ ಕಂಡ ಕಾರಿನದ್ದಿರಬಹುದು. ಹೊಸದು ಹಾಕಿಸಿದ ಮೇಲೆ, ಹಣ ಕೊಡುವ ಮುಂಚೆ, ಇಗ್ನಿಷನ್ ಆನ್ ಮಾಡಿ ನೋಡಿ. ಬೆಲ್ಟ್ ಹಾಕಿದಾಗ ದೀಪ ಆರಬೇಕು, ಬಿಚ್ಚಿದಾಗ ಮತ್ತೆ ಹೊತ್ತಬೇಕು. ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡು ಉರಿದು ತಾನಾಗಿ ಆರಬೇಕು.