ಬುಟ್ಟಿಯ ಕೆಳಗಿನಿಂದ ಮೂರಂಕದ ಗೆರೆಯಾಚೆಗೆ

ಐದಡಿ ಒಂಬತ್ತಿಂಚು ಎತ್ತರದ ಹುಡುಗಿ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಬಂದರೆ ಅವಳ ಸ್ಥಾನ ಯಾವುದೆಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನನ್ನನ್ನೂ ನೇರವಾಗಿ ಸೆಂಟರ್, ಅಂದರೆ ಬುಟ್ಟಿಯ ಕೆಳಗೆ ನಿಂತು ಆಡುವವಳು, ಮಾಡಿದರು. ಗೆಳತಿಯರು ಚೆಂಡನ್ನು ನನ್ನ ತಲೆಯ ಮೇಲಕ್ಕೆ ಎಸೆದರೆ ಸಾಕಿತ್ತು. ಹಿಡಿದು, ತಿರುಗಿ, ಬೋರ್ಡಿಗೆ ತಾಗಿಸಿ ಬುಟ್ಟಿಗೆ ಹಾಕುತ್ತಿದ್ದೆ. ಮೈಸೂರು ವಿಶ್ವವಿದ್ಯಾನಿಲಯದ ತಂಡ ಸೇರಿದೆ, ಆಮೇಲೆ ರಾಜ್ಯ ತಂಡಕ್ಕೂ ಕರೆ ಬಂತು. ಪತ್ರಿಕೆಯ ಕ್ರೀಡಾಪುಟದಲ್ಲಿ ಹೆಸರು ಬಂದ ದಿನ ಅಮ್ಮ ಬೀದಿಗೆಲ್ಲ ತೋರಿಸಿ ಬಂದರು.

ನಮ್ಮ ದೇಶದಲ್ಲಿ ಹೆಣ್ಣುಮಕ್ಕಳಿಗೆ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಎಂದರೆ ಬಹುಮಟ್ಟಿಗೆ ನೌಕರಿಯ ಆಟ. ರೈಲ್ವೆ ಕ್ರೀಡಾ ಕೋಟಾದಲ್ಲಿ ಕೆಲಸ ಕೊಡುತ್ತದೆ. ಸಂಬಳ ಬರುತ್ತದೆ, ಆಡಲು ಬಿಡುವೂ ಸಿಗುತ್ತದೆ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟಿನ ವೇದಿಕೆ, ಟೋಪಿ, ಕ್ಯಾಮೆರಾ ಯಾವುದೂ ಇಲ್ಲಿಲ್ಲ. ಅರ್ಜಿ, ಪ್ರಮಾಣಪತ್ರಗಳ ಕಟ್ಟು, ಟ್ರಯಲ್ಸ್, ಅಷ್ಟೆ. 100 ಅಂಕಗಳಲ್ಲಿ 50 ಕ್ರೀಡಾ ಸಾಧನೆಗೆ, 40 ಟ್ರಯಲ್ಸಿಗೆ, 10 ವಿದ್ಯಾಭ್ಯಾಸಕ್ಕೆ. ಹಾಗಾಗಿ ಪದಕ ಕಳೆದರೂ ಪರವಾಗಿಲ್ಲ, ಪ್ರಮಾಣಪತ್ರ ಕಳೆಯಬೇಡಿ ಎಂದು ಕಿರಿಯರಿಗೆ ಹೇಳುತ್ತಿರುತ್ತೇನೆ.

ಆಯ್ಕೆಯಾಗಿ ತಂಡದ ಶಿಬಿರಕ್ಕೆ ಹೋದಾಗ ಬುಟ್ಟಿಯ ಕೆಳಗೆ ಆರಡಿ ದಾಟಿದ ಅಕ್ಕಂದಿರು ನಿಂತಿದ್ದರು. ನನ್ನ ಎಸೆತಗಳೆಲ್ಲ ಅವರ ಅಂಗೈಗೇ ಬಡಿದು ವಾಪಸು ಬಂದವು. ಕೋಚ್ ಕರೆದು, "ಏನಮ್ಮಾ, ಹೊರಗಿನಿಂದ ಹಾಕಲು ಬರುತ್ತದೆಯೇ?" ಎಂದು ಕೇಳಿದರು. ಬರುತ್ತಿರಲಿಲ್ಲ. ಇನ್ನು ಸ್ಥಾನವನ್ನೇ ಬದಲಿಸಬೇಕಿತ್ತು. ಎನ್‌ಬಿಎಯ ಹೆಸರಾಂತ ಆಟಗಾರ ಸ್ಟೀಫನ್ ಕರಿ ಡೇವಿಡ್‌ಸನ್ ಕಾಲೇಜಿನ ತಮ್ಮ ಕೊನೆಯ ಋತುವಿನಲ್ಲಿಯೇ ಪಾಯಿಂಟ್ ಗಾರ್ಡ್ (ಚೆಂಡನ್ನು ಮುಂದಕ್ಕೆ ತಂದು ಆಟ ನಡೆಸುವವರು) ಆಗಿ ಆಡಿ, 2009ರ ಡ್ರಾಫ್ಟಿನಲ್ಲಿ ಏಳನೆಯವರಾಗಿ ಗೋಲ್ಡನ್ ಸ್ಟೇಟ್ ತಂಡ ಸೇರಿದರು. ಸ್ಥಾನ ಬದಲಿಸಿಕೊಳ್ಳಲು ಅವರಿಗೆ ಕಾಲೇಜಿನಲ್ಲೇ ಒಂದು ವರ್ಷ ಸಿಕ್ಕಿತ್ತು. ನಾನು ಆ ಕೆಲಸವನ್ನು ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಲೇ ಮಾಡಬೇಕಾಯಿತು.

ಕೋರ್ಟಿನ ಮೂಲೆಯಿಂದ ಶುರು ಮಾಡಿದೆ. ಮೂರಂಕದ ಗೆರೆ, ಅಂದರೆ ಆಚೆಯಿಂದ ಎಸೆದು ಹಾಕಿದರೆ ಮೂರು ಅಂಕ ಸಿಗುವ ಗೆರೆ, ಬುಟ್ಟಿಯಿಂದ 6.75 ಮೀಟರ್ ದೂರ. ಮೂಲೆಯಲ್ಲಿ ಮಾತ್ರ 6.60. ಆ ಹದಿನೈದು ಸೆಂಟಿಮೀಟರ್ ನನ್ನ ಭುಜಕ್ಕೆ ದೊಡ್ಡ ಉಪಕಾರ. ತೊಂದರೆ ಇನ್ನೊಂದಿದೆ: ಅಲ್ಲಿ ಗೆರೆಗೂ ಅಂಗಳದ ಅಂಚಿಗೂ ನಡುವೆ 90 ಸೆಂಟಿಮೀಟರ್ ಮಾತ್ರ ಜಾಗ. ಹಿಮ್ಮಡಿ ಚೂರು ಸರಿದರೂ ಚೆಂಡು ಎದುರಾಳಿಗೆ. ಆದ್ದರಿಂದ ಚೆಂಡಿಲ್ಲದೆ ಓಡಿಬಂದು ಪಾದ ಊರುವುದನ್ನೇ ಮೊದಲು ಕಲಿತೆ. ಆಮೇಲೆ ಬುಟ್ಟಿಯ ಹತ್ತಿರ ಒಂದೇ ಕೈಯಲ್ಲಿ ಎಸೆತ. ಮೊಣಕೈ ಹೊರಗೆ ವಾಲದಿದ್ದರೆ ಮಾತ್ರ ಒಂದು ಹೆಜ್ಜೆ ಹಿಂದೆ. ಎಸೆತದ ಶಕ್ತಿ ತೋಳಿನಿಂದ ಬರುವುದಲ್ಲ. ಚೆಂಡು ಕೈ ಸೇರುವ ಮೊದಲೇ ಮಂಡಿ ಬಾಗಿರಬೇಕು. ಸೆಂಟರ್ ಆಗಿದ್ದಾಗ ಗಿಡ್ಡ ಗಾರ್ಡ್‌ಗಳು ಕಸಿಯದಿರಲೆಂದು ಚೆಂಡನ್ನು ಗಲ್ಲದಿಂದ ಕೆಳಗೆ ಇಳಿಸುತ್ತಿರಲಿಲ್ಲ. ಆ ಹಳೆಯ ಅಭ್ಯಾಸ ಇಲ್ಲಿ ಕೈ ಹಿಡಿಯಿತು. ಇಳಿಸಿ ಏರಿಸುವ ಗೋಜಿಲ್ಲದ್ದರಿಂದ ನನ್ನ ಎಸೆತ ಬೇಗ ಹೊರಡುತ್ತದೆ.

ರಕ್ಷಣೆ ಇದಕ್ಕಿಂತ ಕಷ್ಟ, ಈಗಲೂ ಕಷ್ಟವೇ. ಚುರುಕಾದ ಗಾರ್ಡ್ ಎದುರಿಗೆ ಬಂದರೆ ಚೆಂಡನ್ನೂ ಕಣ್ಣನ್ನೂ ನೋಡುವುದಿಲ್ಲ, ಸೊಂಟ ನೋಡುತ್ತೇನೆ. ಸೊಂಟ ಸುಳ್ಳು ಹೇಳುವುದಿಲ್ಲ. ಒಂದು ತೋಳಿನಷ್ಟು ದೂರ ಬಿಟ್ಟು, ಎಸೆಯುವ ಗಳಿಗೆಯಲ್ಲಿ ಎತ್ತರವನ್ನು ಬಳಸಿಕೊಳ್ಳುತ್ತೇನೆ.

ನಾನು ಆಡಿದ ಎಷ್ಟೋ ಕಾಲೇಜು ಅಂಗಳಗಳಲ್ಲಿ ಚೆಂಡು ಸಿಕ್ಕ ತಂಡ ಬುಟ್ಟಿಗೆ ಎಸೆಯಲು ಇರುವ 24 ಸೆಕೆಂಡನ್ನು ಎಣಿಸುವ ಗಡಿಯಾರವೇ ಇರಲಿಲ್ಲ. ನನಗೆ ಜಾಗ ಸಿಗುವವರೆಗೂ ಚೆಂಡು ಕೈಯಿಂದ ಕೈಗೆ ಸುತ್ತುತ್ತಿತ್ತು. ಇಲ್ಲಿ ಎಂಟು ಸೆಕೆಂಡಿನೊಳಗೆ ನಡುಗೆರೆ ದಾಟಬೇಕು, ಉಳಿದ ಸಮಯದಲ್ಲಿ ಚೆಂಡು ನನ್ನ ಕಡೆ ಬಂದರೆ ಒಮ್ಮೆ. ಅದಕ್ಕಾಗಿ ರೀಬೌಂಡಿನ, ಅಂದರೆ ಬುಟ್ಟಿ ತಪ್ಪಿ ಸಿಡಿದ ಚೆಂಡಿನ, ಬೆನ್ನು ಹತ್ತಿದೆ. ದೂರದಿಂದ ಎಸೆದು ತಪ್ಪಿದ ಚೆಂಡು ದೂರಕ್ಕೇ ಸಿಡಿಯುತ್ತದೆ, ಬುಟ್ಟಿಯ ಕೆಳಗಿರುವ ಎತ್ತರದವರಿಗೆ ಅದು ಸಿಗುವುದಿಲ್ಲ. ಅದನ್ನು ಹಿಡಿದರೆ ತಂಡಕ್ಕೆ ಇನ್ನೂ 14 ಸೆಕೆಂಡು. ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಎರಡೋ ಮೂರೋ ಬುಟ್ಟಿ ಇರುತ್ತದೆ. ಕೋಚ್ ನನ್ನನ್ನು ಅಂಗಳಕ್ಕೆ ಇಳಿಸುವುದು ಆ ರೀಬೌಂಡುಗಳಿಗಾಗಿ.

ರಜೆಯಲ್ಲಿ ಊರಿಗೆ ಬಂದಾಗ ಕಾಲೇಜು ಹುಡುಗಿಯರ ಜೊತೆ ಆಡುತ್ತೇನೆ. ಅವರಲ್ಲಿ ಎಲ್ಲರಿಗಿಂತ ಎತ್ತರದವಳ ಕೈಗೆ ಚೆಂಡು ಕೊಟ್ಟು, ಡ್ರಿಬಲ್ ಮಾಡುತ್ತಾ ನೀನೇ ಮುಂದಕ್ಕೆ ತಾ ಎನ್ನುತ್ತೇನೆ. ಅವರ ಕೋಚ್‌ಗೆ ಇದು ಅಷ್ಟು ಹಿಡಿಸುವುದಿಲ್ಲ. ಅವರಿಗೆ ಬರುವ ವಾರದ ಪಂದ್ಯ ಗೆಲ್ಲಬೇಕು.